ವಕೀಲರ ಬಿಲಿಯರ್ಡ್ಸ್ ಕೋಲು

ಕಾಸರಗೋಡಿನ ಕ್ಲಬ್ಬಿನಲ್ಲಿ ನಮ್ಮೊಡನೆ ಬಿಲಿಯರ್ಡ್ಸ್ ಆಡುತ್ತಿದ್ದ ವಕೀಲರೊಬ್ಬರು ಯಾವ ಕೋಲನ್ನೂ ಮೊದಲು ಮೇಜಿನ ಮೇಲೆ ಉರುಳಿಸಿ ನೋಡುವವರು; ಡೊಂಕಿದ್ದರೆ ಅದು ಎಗರುವುದು. "ಚಂದ ಎಂತಕ್ಕೆ ಮಾರಾಯ, ಸೀದಾ ಉಂಟಾ ಹೇಳು" ಎನ್ನುವರು. ಅವರದ್ದು ಒಂದು ಗೆರೆಯ ಅಲಂಕಾರವೂ ಇಲ್ಲದ, ಹಿಡಿದರೆ ಕೈಯೇ ಉದ್ದವಾದಂತೆ ಅನಿಸುವ ಬೋಳು ಕೋಲು.

ಒಮ್ಮೆ ಬೊಂಬಾಯಿಯಿಂದ ಬಂದ ಅವರ ಹೊಸ ಅಳಿಯ, ದಂತದ ಹೂಬಳ್ಳಿ ಕೂರಿಸಿದ ಕೋಲೊಂದನ್ನು ನಮ್ಮೆಲ್ಲರೆದುರೇ ಕೊಟ್ಟ. "ಮಾವ, ನಿಮಗೇಂತಲೇ ಮಾಡಿಸಿದ್ದು."

ವಕೀಲರ ಕೈ ಅಭ್ಯಾಸಬಲದಿಂದ ಅದನ್ನು ಉರುಳಿಸಿಬಿಟ್ಟಿತು. ಕೋಲು ಟಕಟಕ ಎಗರಿತು.

"ವಕೀಲರೇ, ಇದು ಕುಣೀತಾ ಉಂಟಲ್ಲ!" ಎಂದು ನಾವು ನಕ್ಕೆವು.

ಅಳಿಯ ತಲೆ ತಗ್ಗಿಸಿದ. ವಕೀಲರು ಅವನಿಗಿಂತ ಹೆಚ್ಚು ನಾಚಿ, ಉರುಳಿಸಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಆಮೇಲೆ ಅಳಿಯ ಬಂದಾಗಲೆಲ್ಲ ವಕೀಲರು ಅದೇ ಕೋಲಿನಲ್ಲಿ ಆಡಿ ಸೋಲುವರು. ನಾವು ಕೆಣಕಿದರೆ, ಅವನಿಗೆ ಕೇಳುವಂತೆ ಹೇಳುವರು: "ಕೋಲು ಸೀದಾ ಉಂಟು ಮಾರಾಯ. ನನ್ನ ಕೈಯೇ ಡೊಂಕು."