ಬೆನ್ನ ಮೇಲಿನ ಬೊಜ್ಜ

ಮೊನ್ನೆ ಭಾನುವಾರ ಮಧ್ಯಾಹ್ನ ನಾನು ಮೈದಾನದ ಗೇಟಿನಲ್ಲಿ ನಿಂತು ಗಂಡಸರ ಬೆನ್ನು ಓದುತ್ತಿದ್ದೆ.

ತಪ್ಪು ತಿಳಿಯಬೇಡಿ. ನನ್ನನ್ನು ಅದಕ್ಕೆಂದೇ ನೇಮಿಸಿದ್ದರು. ಆಯುಷ್ಯವಿಡೀ ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ವಾರಕ್ಕೊಮ್ಮೆ ಈ ಅಂಕಣದಲ್ಲಿ ಕೂತು ನಿಮಗೆಲ್ಲ ಬುದ್ಧಿ ಹೇಳುತ್ತೇನೆ. ಅಂಥವಳಿಗೆ ಫುಟ್‌ಬಾಲ್ ಫೈನಲ್‌ನಲ್ಲಿ ಸಿಕ್ಕಿದ ಹುದ್ದೆ ಇದು. ಬಂದವರ ಟೀ ಶರ್ಟ್ ಓದಬೇಕು, ಕೆಟ್ಟ ಮಾತಿದ್ದರೆ ತಡೆಯಬೇಕು. ಕೊರಳಿಗೆ ಒಂದು ಬ್ಯಾಡ್ಜ್ ಬೇರೆ. (ಬ್ಯಾಡ್ಜ್ ಬಿದ್ದ ಕೂಡಲೇ ಮನುಷ್ಯರ ಕತ್ತು ಯಾಕೆ ತನ್ನಷ್ಟಕ್ಕೆ ನೆಟ್ಟಗಾಗುತ್ತದೆ?)

ಇದೆಲ್ಲ ಶುರುವಾದದ್ದು ಸಿಲ್ವೆಸ್ಟರ್ ಅವರಿಂದ. ಉರ್ವದಲ್ಲಿ ನಮ್ಮ ಪಕ್ಕದ ಮನೆಯವರು. ಗಲ್ಫ್‌ನಲ್ಲಿ ದುಡಿದು ಬಂದವರು, ತೀರಿಹೋದ ತಂದೆಯ ನೆನಪಿಗೆ ಪ್ರತಿ ವರ್ಷ ಫುಟ್‌ಬಾಲ್ ಟೂರ್ನಮೆಂಟ್ ಮಾಡಿಸುತ್ತಾರೆ. ಬಹುಮಾನ ಕೊಡುವುದು ಅವರ ತಾಯಿ ಲಿಲ್ಲಿಬಾಯಿ. ಎಂಬತ್ತು ದಾಟಿದ ಜೀವ. ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಈಗಲೂ ಚುರುಕು.

ಸೆಮಿಫೈನಲ್ ಗೆದ್ದದ್ದು ಬೆಂಗ್ರೆಯ ತಂಡ. ಬೆಂಗ್ರೆ ಗೊತ್ತಲ್ಲ? ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಮರಳು. ಪೇಟೆಗೆ ಬರಬೇಕಾದರೆ ಫೆರಿ ಬೋಟು ಹತ್ತಬೇಕು. ಆ ಮರಳಿನಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಚೆಂಡು ಒದೆಯುತ್ತವೆ. ಆವತ್ತು ಲಿಲ್ಲಿಬಾಯಿ ಕುರ್ಚಿಯಲ್ಲಿ ಕೂತು ಬೆಂಗ್ರೆಯವರಿಗೆ ಬಹುಮಾನ ಕೊಡುವಾಗ ಫೋಟೊ ತೆಗೆದರು. ಹಿಂದೆ ಅಭಿಮಾನಿಗಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಸಾಲಾಗಿ ನಿಂತಿದ್ದರು. ನೀಲಿ ಟೀ ಶರ್ಟ್. ಬೆನ್ನಿನ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ "ನಿನ್ನ ಬೊಜ್ಜ".

ಘಟ್ಟದ ಮೇಲಿನ ಓದುಗರಿಗೆ ಒಂದು ವಿವರಣೆ. ಇದು ನೀವು ಬೆಳಿಗ್ಗೆ ವಾಕಿಂಗ್ ಹೋಗಿ ಕರಗಿಸುವ ಬೊಜ್ಜಲ್ಲ. ತುಳುನಾಡಿನಲ್ಲಿ ಬೊಜ್ಜ ಎಂದರೆ ಸತ್ತವರಿಗೆ ಮಾಡುವ ಉತ್ತರಕ್ರಿಯೆ, ಊರನ್ನು ಕರೆದು ಊಟ ಹಾಕುವ ದಿನ. "ನಿನ್ನ ಬೊಜ್ಜ" ಎಂದು ಬೈದರೆ, ನೀನು ಸಾಯಿ, ನಾವು ಬಂದು ಉಂಡು ಹೋಗುತ್ತೇವೆ ಎಂದ ಹಾಗೆ. ಸಿಟ್ಟು ಬಂದರೆ ಹೇಳುತ್ತೇವೆ. ಪ್ರೀತಿ ಉಕ್ಕಿದರೆ ಇನ್ನೂ ಜೋರಾಗಿ ಹೇಳುತ್ತೇವೆ.

ಈಗ ಆ ಫೋಟೊ ನೆನೆಸಿಕೊಳ್ಳಿ. ಎಂಬತ್ತು ದಾಟಿದ ಹೆಂಗಸು, ಅವರ ತಲೆಯ ಮೇಲೆ ಸರಿಯಾಗಿ "ನಿನ್ನ ಬೊಜ್ಜ". ಯಾರೋ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ದುಬೈಯಿಂದ, ಕುವೈತಿನಿಂದ, ಮಸ್ಕತ್‌ನಿಂದ ಫೋನಿನ ಮೇಲೆ ಫೋನು. "ಆಂಟಿ ಹುಷಾರಿದ್ದಾರಲ್ಲ?"

ಮರುದಿನ ಸಿಲ್ವೆಸ್ಟರ್ ನಮ್ಮ ಜಗಲಿಯಲ್ಲಿ ಕೂತಿದ್ದರು.

"ಟೀಚರ್, ನನ್ನ ಮರ್ಯಾದೆ ಎಂತದ್ದೂ ಉಳಿಯಲಿಲ್ಲ. ಫೈನಲ್‌ಗೆ ಯಾರ ಅಂಗಿಯಲ್ಲೂ ಬೈಗುಳ ಇರ್ಬಾರ್ದು. ಗೇಟಿನಲ್ಲಿ ನೀವೇ ನಿಲ್ಬೇಕು. ನಿಮ್ಮನ್ನು ಕಂಡ್ರೆ ಹೆದರ್ತಾರೆ."

ಒಳಗಿನಿಂದ ನನ್ನ ಗಂಡ ಕೇಳಿದರು, "ನಿನಗೆ ಫುಟ್‌ಬಾಲ್ ಎಂತ ಗೊತ್ತುಂಟು?"

"ಫುಟ್‌ಬಾಲ್ ಗೊತ್ತಿಲ್ಲ. ಓದ್ಲಿಕ್ಕೆ ಗೊತ್ತುಂಟು" ಎಂದೆ. ಹೀಗೆ ನೇಮಕಾತಿ ಆಯಿತು.

ಫೈನಲ್ ದಿನ ಮೊದಲು ಬಂದವರು ಎದುರಾಳಿಗಳಾದ ಉಳ್ಳಾಲದ ಅಭಿಮಾನಿಗಳು. ಕೆಂಪು ಟೀ ಶರ್ಟ್. ಒಬ್ಬನ ಎದೆಯ ಮೇಲೆ ಇಂಗ್ಲಿಷಿನ ಆ ನಾಲ್ಕಕ್ಷರದ ಪದ, ಮುಂದೆ "ಯು" ಸಹಿತ, ಹೊಳೆಯುವ ಅಕ್ಷರಗಳಲ್ಲಿ. ನಾನು ಕೈ ಅಡ್ಡ ಹಿಡಿದೆ. ಸಿಲ್ವೆಸ್ಟರ್ ಓಡಿ ಬಂದರು.

"ಬಿಡಿ ಟೀಚರ್, ಅದು ಇಂಗ್ಲಿಷ್. ಅದು ಫ್ಯಾಶನ್."

ಎಂಥ ನ್ಯಾಯ ನೋಡಿ. ಇಂಗ್ಲಿಷಿನಲ್ಲಿ ಬೈದರೆ ಡಿಸೈನ್, ತುಳುವಿನಲ್ಲಿ ಬೈದರೆ ಕೇಸ್. ಆದರೂ ನಾನು ಬಿಟ್ಟೆ. ಬ್ಯಾಡ್ಜ್ ಕೊಟ್ಟವರ ಮಾತು ಮೀರುವುದು ಹೇಗೆ?

ಸ್ವಲ್ಪ ಹೊತ್ತಿಗೆ ಡೋಲು ಬಾರಿಸುತ್ತಾ ಬೆಂಗ್ರೆಯವರ ನೀಲಿ ದಂಡು ಬಂತು. ಎಲ್ಲರ ಬೆನ್ನಿನಲ್ಲೂ ಅದೇ ಬೊಜ್ಜ. ಎದುರಿಗೆ ಒಬ್ಬ ಹೆಂಗಸು, ಸೀರೆಯ ಮೇಲೆಯೇ ಟೀ ಶರ್ಟ್ ಏರಿಸಿ, ತಲೆಗೆ ಮಲ್ಲಿಗೆ ಮುಡಿದು, ಮದುವೆ ದಿಬ್ಬಣದಲ್ಲಿ ಬರುವ ಹಾಗೆ ಬರುತ್ತಿದ್ದರು. ಹತ್ತಿರ ಬಂದಾಗ ನೋಡುತ್ತೇನೆ, ನಮ್ಮ ಸರಸಕ್ಕ.

ಸರಸಕ್ಕ ಉರ್ವ ಮಾರ್ಕೆಟಿನಲ್ಲಿ ಮೀನು ಮಾರುವವರು. ಅವರ ಬಾಯಿ ಇಡೀ ಮಾರ್ಕೆಟಿಗೆ ಪ್ರಸಿದ್ಧ. ಐಸ್ ತಡವಾಗಿ ತಂದವನಿಗೆ ಬೊಜ್ಜ, ಬುಟ್ಟಿಗೆ ಬಾಯಿ ಹಾಕಿದ ಬೆಕ್ಕಿಗೆ ಬೊಜ್ಜ, ಸುಮ್ಮನೆ ನಿಂತು ದಾರಿಗೆ ಅಡ್ಡವಾದವನಿಗೂ ಬೊಜ್ಜ. ನನಗೆ ಮಾತ್ರ "ಬನ್ನಿ ಟೀಚರೆ". ನಾನು ಪ್ರತಿ ಸಲ ಬಂಗುಡೆಯ ಕಿವಿರು ಎತ್ತಿ "ಫ್ರೆಶ್ ಉಂಟಾ?" ಎಂದು ಕೇಳುತ್ತೇನೆ. ಅವರು ಪ್ರತಿ ಸಲ "ಈಗ ಬೋಟಿನಿಂದ ಇಳಿದದ್ದು ಟೀಚರೆ" ಎನ್ನುತ್ತಾರೆ. ಸರಸಕ್ಕನ ಬೈಗುಳದಿಂದ ಪಾರಾದ ಏಕೈಕ ಗಿರಾಕಿ ಎಂದು ನನಗೆ ಒಳಗೊಳಗೇ ಹೆಮ್ಮೆ ಇತ್ತು.

"ಸರಸಕ್ಕ, ಬೆನ್ನಿನ ಮೇಲೆ ಎಂತ ಬರೆದದ್ದು ಗೊತ್ತುಂಟಾ?" ಎಂದೆ. (ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನಿಮಗಾಗಿ ಕನ್ನಡ ಮಾಡಿದ್ದೇನೆ, ಬೊಜ್ಜ ಒಂದನ್ನು ಬಿಟ್ಟು.)

"ಗೊತ್ತಿಲ್ದೆ ಎಂತ ಟೀಚರೆ? ಅದು ನನ್ನದೇ ಮಾತಲ್ವಾ?"

ಆಮೇಲೆ ತಿಳಿಯಿತು. ಬೆಂಗ್ರೆಯ ಫಾರ್ವರ್ಡ್ ಆಟಗಾರ ಯತೀಶ ಸರಸಕ್ಕನ ಮಗ. ಚಿಕ್ಕವನಿದ್ದಾಗ ಕತ್ತಲಾದರೂ ಆಟ ಬಿಟ್ಟು ಬರುತ್ತಿರಲಿಲ್ಲ. ಸರಸಕ್ಕ ಅಂಗಳದ ತುದಿಯಲ್ಲಿ ನಿಂತು "ಯತೀಶಾ, ನಿನ್ನ ಬೊಜ್ಜ, ಊಟಕ್ಕೆ ಬಾ" ಎಂದು ಕೂಗಿದರೆ ನದಿಯ ಆಚೆ ದಡಕ್ಕೂ ಕೇಳುತ್ತಿತ್ತಂತೆ. ಜೊತೆಯ ಹುಡುಗರು ಅದನ್ನು ಅಣಕಿಸಿದರು. ಅವರೆಲ್ಲ ಬೆಳೆದು ದೊಡ್ಡವರಾದ ಮೇಲೆ ಅದೇ ತಂಡದ ಘೋಷಣೆಯಾಯಿತು. ಪ್ರಿಂಟ್ ಹಾಕಿಸುವ ಮೊದಲು ಸರಸಕ್ಕನನ್ನು ಕೇಳಿಯೇ ಹಾಕಿಸಿದ್ದಾರೆ.

"ಗುರುವಾರ ಅವ ಕುವೈತಿಗೆ ಹೋಗ್ತಾನೆ ಟೀಚರೆ. ಪೇಟೆಯ ಮೈದಾನದಲ್ಲಿ ಅವ ಆಡುದು ನಾನು ಒಂದು ದಿನ ನೋಡ್ಲಿಲ್ಲ. ಆಟ ಇರುವ ಹೊತ್ತಿಗೆ ನನಗೆ ಮೀನು. ಇವತ್ತು ಬುಟ್ಟಿ ತಂಗಿ ಹತ್ರ ಕೊಟ್ಟು ಬಂದಿದ್ದೇನೆ."

ನಾನು ಸಿಲ್ವೆಸ್ಟರ್ ಮುಖ ನೋಡಿದೆ. ಅವರು ತಲೆ ಅಲ್ಲಾಡಿಸಿದರು. ರೂಲ್ ಅಂದರೆ ರೂಲ್.

"ಅಂಗಿ ಉಲ್ಟಾ ಮಾಡಿ ಹಾಕಿದ್ರೆ ಆಯ್ತಲ್ವಾ?" ಎಂದು ಉಪಾಯ ಹೇಳಿದೆ.

ಡೋಲು ನಿಂತಿತು. ಎಲ್ಲರೂ ನನ್ನನ್ನು ದಿಟ್ಟಿಸಿದರು.

"ಉಲ್ಟಾ ಅಂಗಿ ಹಾಕಿ ಫೈನಲ್‌ಗೆ ಹೋಗುದಾ? ಸೋಲ್ಲಿಕ್ಕಾ?" ಎಂದರು ಸರಸಕ್ಕ. ಸಮುದ್ರವನ್ನು ನಂಬಿ ಬದುಕುವವರ ಹತ್ತಿರ ಶಕುನದ ವಿಷಯ ವಾದಿಸಬಾರದು. "ಹಾಗಾದ್ರೆ ನೀವೊಬ್ರು ಟೀ ಶರ್ಟ್ ತೆಗೆದು ಒಳಗೆ ಹೋಗಿ" ಎಂದೆ. "ಇವರನ್ನೆಲ್ಲ ಹೊರಗೆ ಬಿಟ್ಟು ನಾನೊಬ್ಬಳು ಹೋಗುದಾ?" ಎಂದು ಅವರು ಗೇಟಿಗೆ ಒರಗಿ ನಿಂತೇಬಿಟ್ಟರು.

ಕೊನೆಗೆ ನನ್ನ ಬುದ್ಧಿವಂತಿಕೆಯೇ ದಾರಿ ತೋರಿಸಿತು. ಕಾಲು ಉಳುಕಿದವರಿಗೆ ಸುತ್ತಲು ತಂದಿದ್ದ ಬಿಳಿ ಟೇಪ್ ಇತ್ತು. ಎಲ್ಲರ ಬೆನ್ನಿನ ಬೊಜ್ಜದ ಮೇಲೆ ಟೇಪ್ ಅಂಟಿಸಿದೆ. ಸಿಲ್ವೆಸ್ಟರ್ ಇನ್ನೊಂದು ಷರತ್ತು ಹಾಕಿದರು. ಆ ಮಾತು ಬಾಯಲ್ಲೂ ಬರಕೂಡದು. ನಾನು ಸರಸಕ್ಕನ ಕೈ ಹಿಡಿದು ಮಾತು ತೆಗೆದುಕೊಂಡೆ.

"ಆಯ್ತು ಟೀಚರೆ, ಹೇಳುದಿಲ್ಲ" ಎಂದು ಸಣ್ಣ ಸ್ವರದಲ್ಲಿ ಹೇಳಿ ಒಳಗೆ ಹೋದರು. ನಾನೂ ಬ್ಯಾಡ್ಜ್ ಸರಿಮಾಡಿಕೊಂಡು ಅವರ ಪಕ್ಕದಲ್ಲೇ ಕೂತೆ. ಕಾವಲು ಬೇಕಲ್ಲ?

ಕೂತ ಮೇಲೆ ಎದುರು ಸಾಲಿನ ಬೆನ್ನುಗಳನ್ನು ನೋಡಿದೆ. ಈಗ ಎಲ್ಲರ ಬೆನ್ನಿನಲ್ಲಿ "ನಿನ್ನ" ಎಂದಿದೆ, ಅದರ ಕೆಳಗೆ ಒಂದು ಬಿಳಿ ಪಟ್ಟಿ. ಬಿಟ್ಟ ಸ್ಥಳ ತುಂಬಿರಿ! ವರ್ಷಗಟ್ಟಲೆ ಪ್ರಶ್ನೆಪತ್ರಿಕೆಯಲ್ಲಿ ನಾನು ಕೊಟ್ಟ ಪ್ರಶ್ನೆ. ಹಿಂದೆ ಕೂತ ಉಳ್ಳಾಲದವರು ಆಗಲೇ ಉತ್ತರ ಬರೆಯಲು ಶುರುಮಾಡಿದ್ದರು. ಒಬ್ಬೊಬ್ಬರು ಒಂದೊಂದು ಪದ ಕೂಗುತ್ತಿದ್ದರು, ಒಂದಕ್ಕಿಂತ ಒಂದು ಘನವಾದದ್ದು. ಅವುಗಳ ಎದುರು ಬೊಜ್ಜ ಎಂದರೆ ಬರೀ ದೇವರನಾಮ.

ವಿಐಪಿ ಕುರ್ಚಿಯಿಂದ ಲಿಲ್ಲಿಬಾಯಿ ಮಗನನ್ನು ಕೇಳಿದರು. ಕಿವಿ ಮಂದ ಇರುವವರ ಗುಟ್ಟು ಊರಿಗೆಲ್ಲ ಕೇಳುತ್ತದೆ. "ಸಿಲ್ಲಿ, ಆ ಪಟ್ಟಿಯ ಅಡಿಯಲ್ಲಿ ಎಂತ ಉಂಟು?"

ಸಿಲ್ವೆಸ್ಟರ್ ಬಗ್ಗಿ ಏನೋ ಪಿಸುಗುಟ್ಟಿದರು.

"ಬೊಜ್ಜವಾ? ಅಷ್ಟೇಯಾ? ನಾನು ಬೇರೆ ಎಂತದೋ ಗ್ರಹಿಸಿದೆ" ಎಂದರು ಲಿಲ್ಲಿಬಾಯಿ, ಸ್ವಲ್ಪ ನಿರಾಸೆಯಿಂದಲೇ.

ಆಟ ಶುರುವಾಯಿತು. ಉಳ್ಳಾಲದವರು ಬೇಗನೇ ಗೋಲ್ ಹೊಡೆದರು. ಯತೀಶನ ಕಾಲಿಗೆ ಚೆಂಡು ಬರುತ್ತಿತ್ತು, ಜಾರಿ ಹೋಗುತ್ತಿತ್ತು. ಅವನು ಆಗಾಗ ತಲೆಯೆತ್ತಿ ನಮ್ಮ ಕಡೆ ನೋಡುತ್ತಿದ್ದ. ಸರಸಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು. ಮಾತು ಕೊಟ್ಟಿದ್ದಾರಲ್ಲ. ಮಗ ಎಡವಿದಾಗ ಅವರ ಇಡೀ ಮೈ ಎದ್ದು ಕೂರುತ್ತಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಇಂಟರ್ವಲ್‌ನಲ್ಲಿ ಯತೀಶ ನೀರು ಕುಡಿಯಲೂ ನಿಲ್ಲದೆ ನೇರ ಗೆರೆಯ ಹತ್ತಿರ ಬಂದ. ಬೆವರು ಇಳಿಯುತ್ತಿತ್ತು. ಮುಖದಲ್ಲಿ ಗಾಬರಿ.

"ಅಮ್ಮ, ಹುಷಾರಿಲ್ವಾ?"

ಸರಸಕ್ಕ ಹಾಗೇನಿಲ್ಲ ಎಂಬಂತೆ ತಲೆ ಆಡಿಸಿದರು.

"ಮತ್ತೆ ಎಂತಕ್ಕೆ ಬೈಯುದಿಲ್ಲ? ನನ್ನ ಮೇಲೆ ಕೋಪವಾ? ಹೋಗುದು ಬೇಡ್ವಾ ಕುವೈತಿಗೆ?"

ಸರಸಕ್ಕ ಬೆರಳು ಎತ್ತಿ ನನ್ನನ್ನು ತೋರಿಸಿದರು. ಯತೀಶ ನನ್ನ ಬ್ಯಾಡ್ಜ್ ಓದಿದ. ಮತ್ತೆ ಅಮ್ಮನ ಮುಖ ನೋಡಿದ. ನನಗೇ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಚಿಕೆಯಾಯಿತು ನನಗೆ. "ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ" ಎಂಬ ಗಾದೆಯನ್ನು ಎಷ್ಟು ಬ್ಯಾಚುಗಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿಲ್ಲ ನಾನು? ತಾಯಿ ಬೈಯದಿದ್ದರೆ ಕಾಯಿಲೆ ಇರಬೇಕು ಎಂದು ಹೆದರುವ ಮಗ ಎದುರಿಗೆ ನಿಂತಿದ್ದಾನೆ. ಊರು ಬಿಡುವ ಮೊದಲು ಅವನಿಗೆ ಕೇಳಬೇಕಾಗಿದ್ದ ಒಂದೇ ಮಾತಿಗೆ ನಾನು ಪ್ಲಾಸ್ಟರ್ ಹಾಕಿದ್ದೆ.

ಹಾಗಂತ ಎಲ್ಲ ಬೈಗುಳವೂ ಬೆಲ್ಲ ಎಂದು ನಾನು ಹೇಳುತ್ತಿಲ್ಲ. ಕಂಡವರ ಅಮ್ಮ ಅಕ್ಕಂದಿರನ್ನು ಎಳೆದು ತರುವ ಮಾತು ಬೆನ್ನಿನ ಮೇಲಿದ್ದರೆ ಇವತ್ತಿಗೂ ಗೇಟಿನಲ್ಲಿ ತಡೆಯುತ್ತೇನೆ, ಅದು ಯಾವ ಭಾಷೆಯಲ್ಲಿದ್ದರೂ ಸರಿ. ಆದರೆ ಇಲ್ಲಿ ಅಮ್ಮನೇ ಬೈಯುತ್ತಿದ್ದಾಳೆ. ಅದನ್ನು ತಡೆಯಲು ನಾನು ಯಾರು?

ಬ್ಯಾಡ್ಜ್ ತೆಗೆದು ಪರ್ಸಿಗೆ ಹಾಕಿದೆ. "ಸರಸಕ್ಕ, ನಿಮ್ಮ ಮಾತು ನಿಮಗೆ ವಾಪಸ್. ಬೈಯಿರಿ" ಎಂದೆ. ಎದ್ದು ಎದುರು ಕೂತವನ ಬೆನ್ನಿನ ಟೇಪ್ ಕಿತ್ತೆ. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ, ಸಾಲು ಸಾಲಾಗಿ ಟೇಪ್ ಕೀಳುವ ಸದ್ದು ಕೇಳಿತು. ಸಿಲ್ವೆಸ್ಟರ್ ದೂರದಿಂದ ನನ್ನ ಕಡೆ ಕೈ ಬೀಸುತ್ತಿದ್ದರು. ನಾನು ಕನ್ನಡಕ ಒರೆಸಿಕೊಳ್ಳುವವಳಂತೆ ತಲೆ ತಗ್ಗಿಸಿದೆ.

ಚೆಂಡು ಮಧ್ಯಕ್ಕೆ ಬಂತು. ಸರಸಕ್ಕ ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಸಿರು ತುಂಬಿಕೊಂಡರು.

"ಯತೀಶಾ... ನಿನ್ನ ಬೊಜ್ಜ!"

ನದಿಯ ಆಚೆ ದಡಕ್ಕೆ ಕೇಳುತ್ತಿತ್ತು ಎಂದದ್ದು ಉತ್ಪ್ರೇಕ್ಷೆಯಲ್ಲ. ನನ್ನ ಎಡಗಿವಿ ಇನ್ನೂ ಪೂರ್ತಿ ಸರಿಯಾಗಿಲ್ಲ. ಮೈದಾನದ ನಡುವೆ ಯತೀಶ ಒಂದು ಕ್ಷಣ ನಿಂತು, ಚಿಕ್ಕ ಮಗುವಿನ ಹಾಗೆ ಹಲ್ಲು ಕಿರಿದ. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮೊದಲ ಗೋಲ್ ಅವನೇ ತಂದುಕೊಟ್ಟ ಚೆಂಡಿನಿಂದ ಇನ್ನೊಬ್ಬ ಹೊಡೆದ. ಎರಡನೆಯದು ಕೊನೆಕೊನೆಗೆ, ಗೋಲಿನ ಕಂಬಕ್ಕೆ ಬಡಿದು ವಾಪಸ್ ಬಂದ ಚೆಂಡು ಯತೀಶನ ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ಅಂದದ ಗೋಲ್ ಅಲ್ಲ. ಆದರೆ ಗೋಲ್ ಗೋಲೇ.

ನಾನು ಕುರ್ಚಿಯ ಮೇಲೆ ನಿಂತಿದ್ದೆ. (ಹತ್ತಿದ್ದು ನೆನಪಿಲ್ಲ. ಇಳಿಸಿದ್ದು ಇಬ್ಬರು.) ಅಷ್ಟರಲ್ಲಿ ಮೈಕಿನಲ್ಲಿ ಒಂದು ಸ್ವರ ಕೇಳಿತು. "ನಿನ್ನ ಬೊಜ್ಜ, ಎಂತ ಗೋಲ್ ಮಾರಾಯ!" ಮೈಕ್ ಹಿಡಿದಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಸಿಲ್ವೆಸ್ಟರ್. ಹೇಳಿದ ಮೇಲೆ ಮೈಕನ್ನು ಬೆನ್ನ ಹಿಂದೆ ಅಡಗಿಸಿದರು, ಏನು ಪ್ರಯೋಜನ?

ಕಪ್ ಕೊಡುವಾಗ ಬೆಂಗ್ರೆಯವರು ಈ ಸಲ ಹುಷಾರಾಗಿ ಕ್ಯಾಮೆರಾಕ್ಕೆ ಮುಖ ಹಾಕಿ ನಿಂತರು. ಲಿಲ್ಲಿಬಾಯಿ ಬಿಡಬೇಕಲ್ಲ.

"ತಿರುಗಿ ನಿಲ್ಲಿ ಮಕ್ಕಳೆ. ಬೆನ್ನು ಕಾಣ್ಲಿ. ಆ ಫೋಟೊ ಹೋದ ದಿನ ಗಲ್ಫ್‌ನಿಂದ ಎಲ್ಲರ ಫೋನ್ ಬಂದಿತ್ತು. ಇನ್ನೊಂದು ಸಲ ಬರ್ಲಿ."

ಗುರುವಾರ ಯತೀಶ ಕುವೈತಿಗೆ ಹೋದ. ಶುಕ್ರವಾರ ನಾನು ಮಾರ್ಕೆಟಿಗೆ ಹೋದೆ. ಸರಸಕ್ಕ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಬೆಕ್ಕು ಹತ್ತಿರ ಬಂದರೂ ಬೈಯಲಿಲ್ಲ. ಅಭ್ಯಾಸಬಲದಿಂದ ಒಂದು ಬಂಗುಡೆಯ ಕಿವಿರು ಎತ್ತಿ "ಫ್ರೆಶ್ ಉಂಟಾ?" ಎಂದು ಕೇಳಿದೆ.

ಸರಸಕ್ಕ ತಲೆಯೆತ್ತಿ ನನ್ನನ್ನು ನೋಡಿದರು. ನೋಡುತ್ತಾ ನೋಡುತ್ತಾ ಕಣ್ಣಿಗೆ ನಗು ಬಂತು, ಜೊತೆಗೆ ನೀರೂ ಬಂತು.

"ನಿನ್ನ ಬೊಜ್ಜ, ಬೆಂಗ್ರೆಯವಳ ಹತ್ರ ಅದನ್ನು ಕೇಳುದಾ?"

ಇಡೀ ಮಾರ್ಕೆಟ್ ತಿರುಗಿ ನೋಡಿತು. ನಾನು ನಗುತ್ತಾ ಚೀಲ ಒಡ್ಡಿದೆ. ಅಲ್ಲ, ಆ "ಬನ್ನಿ ಟೀಚರೆ"ಯನ್ನು ನಾನು ಇಷ್ಟು ವರ್ಷ ಹೇಗೆ ಸಹಿಸಿಕೊಂಡಿದ್ದೆನೋ?