ಬೆಲ್ಲವಿಲ್ಲದ ನೀರು

ಮಾತಿಗೆ ಮೊದಲು ಮಾಸ್ತರರ ಬಾಯಿಂದ ‘ಚಟ್’ ಎಂದು ಒಂದು ಸದ್ದು ಬರುತ್ತಿತ್ತು. ಒಣಗಿದ ನಾಲಿಗೆ ಅಂಗುಳಿನಿಂದ ಬಿಡಿಸಿಕೊಳ್ಳುವ ಸದ್ದು. ತುಟಿಯ ಎರಡೂ ಮೂಲೆಗಳಲ್ಲಿ ಹಿಟ್ಟು ಮೆತ್ತಿದಂತೆ ಬೆಳ್ಳಗೆ. ಅದನ್ನು ಕರವಸ್ತ್ರದ ತುದಿಯಿಂದ ಒರೆಸಿಕೊಂಡು, “ಹೂಂ, ಓದು ತಂಗಿ” ಎನ್ನುತ್ತಿದ್ದರು. ನಾಲ್ಕು ಸಾಲು ಮುಗಿಯುವಷ್ಟರಲ್ಲಿ, “ಸ್ವಲ್ಪ ನೀರು ತರತೀಯೇನವ್ವಾ?”

ನಾನು ಕಾನ್ವೆಂಟಿನ ಹುಡುಗಿ. ಮನೆಯಲ್ಲಿ ಕನ್ನಡ, ಹಿಮಾಯತ್‌ನಗರದ ಬೀದಿಗಿಳಿದರೆ ತೆಲುಗು, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಮೊಮ್ಮಗಳು ಮೇಮ್‌ಸಾಬ್ ಆಗಿಬಿಡುತ್ತಾಳೆಂದು ಅಜ್ಜಿಯೇ ಮಾಸ್ತರರನ್ನು ಗೊತ್ತು ಮಾಡಿದ್ದಳು. ಹಗಲು ಒಂದು ಕನ್ನಡ ಶಾಲೆಯಲ್ಲಿ ಕಲಿಸಿ, ಸಂಜೆ ಸೈಕಲ್ ತುಳಿದುಕೊಂಡು ನಮ್ಮಲ್ಲಿಗೆ ಬರುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. ಅಕ್ಷರ ಸೊಟ್ಟಗಾದರೆ, “ಪಾಪ, ಇದಕ್ಕ ಸೊಂಟ ನೋಯಾಕತ್ತೈತಿ, ನೆಟ್ಟಗ ನಿಲ್ಲಸು.” ಒತ್ತು ಬಿಟ್ಟರೆ, “ಕೂಸಿಗೆ ಚಡ್ಡಿ ಹಾಕದs ಓಣಿಗೆ ಬಿಟ್ಟಿಯಲ್ಲ!” ಇಂದು ನಾನು ಬರೆಯುವ ಪ್ರತಿ ಅಕ್ಷರವೂ ಅವರದು.

ನಮ್ಮ ಕಡೆಯ ಮನೆಗಳಲ್ಲಿ ಬಂದವರಿಗೆ ಬರೀ ನೀರು ಕೊಡುವ ರೂಢಿಯಿಲ್ಲ. ತಂಬಿಗೆಯ ಪಕ್ಕ ಬೆಲ್ಲದ ಹರಳು ಇರಲೇಬೇಕು. ಅಜ್ಜಿ ಬೇಗಂ ಬಜಾರಿನಿಂದ ತರಿಸಿದ ಅಚ್ಚು ಬೆಲ್ಲವನ್ನು ತಾನೇ ಕುಟ್ಟಿ ಡಬ್ಬಿ ತುಂಬುತ್ತಿದ್ದಳು. ಮಾಸ್ತರರು ಒಂದು ಗಂಟೆಯಲ್ಲಿ ನಾಲ್ಕು ಸಲ ನೀರು ಕೇಳಿದರೆ ನಾಲ್ಕು ಸಲವೂ ಬೆಲ್ಲ. ಒಯ್ಯುವವಳು ನಾನು. “ಈಗs ತಿಂದೆನಲ್ಲವ್ವಾ” ಎಂದು ಅವರು ಕೈ ಅಡ್ಡ ಹಿಡಿದರೆ, ಅಡುಗೆಮನೆಯಿಂದ ಅಜ್ಜಿಯ ದನಿ ಬರುತ್ತಿತ್ತು: “ಬರೀ ನೀರು ಕುಡಿಯಾಕ ಇದು ಸಾವಾದ ಮನೀ ಏನ್ರಿ ಮಾಸ್ತರ?” ಅವರು ನಕ್ಕು ಹರಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಅವರು ಹೋದ ಮೇಲೆ ಅಜ್ಜಿಯ ವರಸೆಯೇ ಬೇರೆ. “ಓದಸಾಕ ಬರತಾನೋ, ನನ್ನ ಕೊಡ ಖಾಲಿ ಮಾಡಾಕ ಬರತಾನೋ!” ನಾನೂ ಕಿಸಿಕಿಸಿ ನಗುತ್ತಿದ್ದೆ. ಅಷ್ಟು ನೀರು ಕುಡಿದವರು ಹಿತ್ತಲಿಗೂ ಹೋಗಬೇಕಲ್ಲ. ಒಂದು ದಿನ ಕೆಲಸದವಳು ಅಲ್ಲಿಯ ಮೋರಿಯ ಹತ್ತಿರ ನಿಂತು, “ಚೀಮಲಮ್ಮಾ, ಅನ್ನೀ ಚೀಮಲೇ!” ಎಂದು ಕೂಗಿದಳು. ಮಾಸ್ತರರು ಹೋಗಿ ಬಂದ ಜಾಗಕ್ಕೆ ಇರುವೆಗಳು ಸಾಲುಗಟ್ಟಿದ್ದವು. ಅಜ್ಜಿ ಫಿನಾಯಿಲ್ ಹಾಕಿಸಿದಳು. ಅಲ್ಲಿಗೆ ಮುಗಿಯಿತು.

ಆ ವರ್ಷ ಹೈಜೀನ್ ಪೇಪರಿನಲ್ಲಿ ಡಯಾಬಿಟಿಸ್‌ನ ಸಿಂಪ್ಟಮ್ಸ್ ಕೇಳಿದ್ದರು. ಎಕ್ಸೆಸಿವ್ ಥರ್ಸ್ಟ್, ಡ್ರೈ ಮೌತ್ ಎಂದು ಸಿಸ್ಟರ್ ಕಲಿಸಿದ ಆರ್ಡರಿನಲ್ಲೇ ಗಡಗಡ ಬರೆದು ಬಂದೆ. ಬಸ್ಸಿಗೆ ಕಾಯುವಾಗ ಇರುವೆಗಳು ನೆನಪಾದವು. ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೂತ್ರಕ್ಕಿಳಿಯುತ್ತದೆ, ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಎಷ್ಟು ಕುಡಿದರೂ ದಾಹ ಹಿಂಗುವುದಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದು ಬಂದದ್ದು ನಮ್ಮ ಮಾಸ್ತರರನ್ನು.

ಅಂದು ಸಂಜೆ ಬರೀ ನೀರು ಒಯ್ದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು.

“ಬೆಲ್ಲ ಎಲ್ಲೈತಿ? ಕಾನ್ವೆಂಟಿನ್ಯಾಗ ಇದs ಏನು ಮ್ಯಾನರ್ಸ್ ಕಲಸೋದು? ಬಂದವರ ಮುಂದ ಮನೀ ಮರ್ಯಾದಿ ಕಳೀತೀ?” ಕೈ ಎತ್ತಿಯೇಬಿಟ್ಟಳು.

‘ಅಜ್ಜೀ, ಅವರಿಗೆ ಸಕ್ಕರೆ ಕಾಯಿಲೆ ಇರಬಹುದು.’ ಇಷ್ಟೇ ಮಾತು. ಶಾಲೆಯ ಎಲೊಕ್ಯೂಷನ್ ಭಾಷಣ ಸ್ಪರ್ಧೆಯಲ್ಲಿ ಪ್ರತಿವರ್ಷ ಫಸ್ಟ್ ಬರುತ್ತಿದ್ದವಳ ಬಾಯಿಂದ ಅದು ಹೊರಡಲಿಲ್ಲ.

ಮಾಸ್ತರರು ನನ್ನನ್ನು ಒಮ್ಮೆ ನೋಡಿದರು. “ಕೂಸಿಗೆ ಬೈಬ್ಯಾಡ್ರಿ ಅವ್ವಾರ. ನಾನs ಬ್ಯಾಡ ಅಂದಿದ್ದೆ. ತಪ್ಪಾತು. ತರ್ರಿ, ಎರಡು ಹರಳು ತರ್ರಿ.” ಎರಡನ್ನೂ ತಿಂದರು. ನೀರು ಕುಡಿದರು. “ಹೂಂ, ಓದು ತಂಗಿ.”

ನಾನು ಓದಿದೆ.

ಮಳೆಗಾಲದಲ್ಲಿ ಹೊಸ ಚಪ್ಪಲಿ ಅವರ ಹೆಬ್ಬೆರಳನ್ನು ಕಚ್ಚಿತು. ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು, ಆಮೇಲೆ ಪಾದ. ದೀಪಾವಳಿಯ ಹೊತ್ತಿಗೆ ಮಾಸ್ತರರೇ ಇರಲಿಲ್ಲ.

ಈಗ ನನ್ನ ಬಾಯಿಯೂ ಒಣಗುತ್ತದೆ. ಡಾಕ್ಟರು ಮೊದಲು ಸಕ್ಕರೆಯ ಟೆಸ್ಟ್ ಮಾಡಿಸಿ, ಅದಲ್ಲ, ನೀವು ನುಂಗುವ ಮಾತ್ರೆಯಿಂದ ಹೀಗೆ ಎಂದರು. ಮಾತ್ರೆ ಬದಲಿಸಿಕೊಟ್ಟು, ಗುಟುಕು ಗುಟುಕಾಗಿ ನೀರು ಕುಡಿಯಲು ಹೇಳಿದರು. ಮಾತಿಗೆ ಮಾತು ಬಂದು ಬೆಲ್ಲದ ರೂಢಿ ಹೇಳಿದೆ. “ಒಂದು ಹರಳು ಬೆಲ್ಲದಿಂದ ಯಾರೂ ಸಾಯೋದಿಲ್ಲ ಆಂಟಿ” ಎಂದು ನಕ್ಕರು. ಒಂದಲ್ಲ ಎಂದು ಹೇಳಬೇಕೆನಿಸಿತು. ಆಗಲೂ ಹೇಳಲಿಲ್ಲ.

ಮಾಸ್ತರರು ತೀರಿಕೊಂಡ ಒಂದು ತಿಂಗಳಿಗೆ ಅಜ್ಜಿ ನನ್ನನ್ನು ಕರೆದುಕೊಂಡು ಸನತ್‌ನಗರದ ಅವರ ಒಂದು ಕೋಣೆಯ ಮನೆಗೆ ಹೋಗಿದ್ದಳು. ಅವರ ಹೆಂಡತಿ ಎರಡು ಲೋಟ ನೀರು ತಂದಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು.

“ಬೆಲ್ಲ ಇಲ್ರಿ ಮನ್ಯಾಗ. ಡಾಕ್ಟರು ಸಕ್ಕರಿ ಬ್ಯಾನಿ ಅಂದು ಎರಡು ವರ್ಷಾತು. ಅಂದಿನಿಂದ ಅವರು ಸಿಹಿ ಬಾಯಾಗ ಹಾಕಿಲ್ರಿ. ಯುಗಾದಿ ದಿನಾನೂ ಬರೀ ಬೇವು ತಿಂದ್ರು. ಆದರೂ ಸಕ್ಕರಿ ಇಳೀಲಿಲ್ಲ. ಎಲ್ಲಿಂದ ಏರತಿತ್ತೋ, ಆ ದೇವರಿಗೇ ಗೊತ್ತು.”

ಅಜ್ಜಿ ಲೋಟ ಎತ್ತಿಕೊಂಡಳು. ಬರೀ ನೀರನ್ನು ಕೊನೆಯ ಹನಿಯವರೆಗೂ ಕುಡಿದಳು. ನನ್ನ ಕಡೆ ನೋಡಲಿಲ್ಲ.