ಕರಜಗಿ ದಾರಿಯಲ್ಲಿ ಸಿಕ್ಕ ಹಾಡು

ಹಾಡು ತಾನಾಗಿ ಬಂತು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹಾಡು ಬರುವುದಿಲ್ಲ, ಕೂತು ಕಟ್ಟಬೇಕು, ಹತ್ತು ಸಲ ಕೆಡಿಸಬೇಕು ಅನ್ನುವವನು ನಾನು. ಸಾಂಗ್ಲಿಯಲ್ಲಿ ನಮ್ಮ ನಾಲ್ವರ ಬ್ಯಾಂಡ್ ಇದೆ; ಹಾಡುವುದು, ಗಿಟಾರ್ ಬಾರಿಸುವುದು ನನ್ನ ಕೆಲಸ. ನಮ್ಮ ಒಂದು ಕನ್ನಡ ಹಾಡು ಈಗ ಮದುವೆಯ ಮೆರವಣಿಗೆಯಲ್ಲೂ ಕೇಳುತ್ತದೆ, ಕಬ್ಬಿನ ಟ್ರ್ಯಾಕ್ಟರಿನಲ್ಲೂ ಕೇಳುತ್ತದೆ. ಅದು ಹುಟ್ಟಿದ ಬಗೆಯನ್ನು ಸಂದರ್ಶನಗಳಲ್ಲಿ ನಾನು ಪೂರ್ತಿ ಹೇಳಿಲ್ಲ.

ಮೂರು ವರ್ಷದ ಹಿಂದಿನ ಮಾತು. ಮಧ್ಯಾಹ್ನ ಉಮದಿಯಿಂದ ಕರಜಗಿಯ ಅಕ್ಕನ ಮನೆಗೆ ಬೈಕಿನಲ್ಲಿ ಹೊರಟಿದ್ದೆ. ದಾರಿಯಲ್ಲಿ ಚೈನು ಕಳಚಿತು. ಬೇವಿನ ಮರದ ಕೆಳಗೆ ಅದನ್ನು ಸರಿಮಾಡುತ್ತಿದ್ದಾಗ ಹೊಲದ ಆಚೆಯಿಂದ ಒಂದು ಹೆಣ್ಣು ದನಿ ಕೇಳಿತು. ಅದು ಒಂದು ಸಾಲು ಹಾಡಿ ಯಾರಿಗೋ ಕಾಯುವಂತೆ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ನನ್ನ ಬಾಯಿಂದಲೂ ಒಂದು ಸಾಲು ಬಂತು, ಮಾತಿನ ಸಮೇತ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿದೆ. ಮತ್ತೆ ಆ ದನಿ, ಮತ್ತೆ ನಾನು. ಹಾಡು ನಿಂತ ಮೇಲೆ ಎದ್ದು ನೋಡಿದರೆ ಜೋಳ ಕೊಯ್ದ ಬಯಲು. ಒಂದು ನರಪಿಳ್ಳೆಯೂ ಇರಲಿಲ್ಲ.

ಅಕ್ಕನ ಮನೆಯಲ್ಲಿ ಕೇಳಿದಾಗ ರೆಕಾರ್ಡಿಂಗಿನಲ್ಲಿ ಇದ್ದದ್ದು ನನ್ನ ದನಿಯಷ್ಟೇ, ನಡುನಡುವೆ ಗಾಳಿ. ನನ್ನ ಸಾಲುಗಳಿಗೆ ಡ್ರಮ್ಸ್ ಸೇರಿಸಿ, ಬಿಡುವುಗಳನ್ನು ಗಿಟಾರಿನಿಂದ ತುಂಬಿದೆವು. ಹಾಡು ಓಡಿತು.

ಹೋದ ವರ್ಷ ಕರಜಗಿಗೆ ಹೋದಾಗ ಅಕ್ಕನ ನೆರೆಮನೆಯ ಮಾಯವ್ವ ಹೇಳಿ ಕಳಿಸಿದರು. ಹರೆಯವೆಲ್ಲ ಕುರಿ ಕಾಯ್ದ ಮುದುಕಿ. ಮೊಮ್ಮಗಳ ಮೊಬೈಲಿನಲ್ಲಿ ಹಾಡು ಕೇಳಿದ್ದರಂತೆ.

"ಕುಂದ್ರಿ. ಈ ಹಾಡ ನಿಮಗ ಯಾರ ಕಲಿಸ್ಯಾರ್ರಿ?"

"ಯಾರೂ ಇಲ್ರಿ, ನಾನ ಕಟ್ಟೀನಿ," ಎಂದೆ.

"ಇವು ನನ್ನ ಸಾಲರಿ. ನಮ್ಮ ತಂಗಿ ಒಂದ ಸಾಲ ಅನ್ನಾಕಿ, ಈಕಡಿ ಹೊಲದಾಗಿಂದ ನಾ ಒಂದ ಅನ್ನಾಕಿ. ಕುರಿ ಮೇಸುವಾಗ ನಾವಿಬ್ರ ಕಟ್ಟಿದ್ದು. ಮಂದಿ ಮುಂದ ಎಂದೂ ಹಾಡಿಲ್ಲ."

ಹಳೆಯ ರೆಕಾರ್ಡಿಂಗ್ ಹಚ್ಚಿದೆ. ಗಾಳಿ ಬಂದಲ್ಲೆಲ್ಲ ಮಾಯವ್ವ ತಂಗಿಯ ಸಾಲು ಹಾಡಿದರು. ಒಂದೊಂದೂ ಅಳತೆ ಮಾಡಿ ಕೊಯ್ದಂತೆ ಕೂತಿತು. ಅಂದು ನಾನು ಕೇಳಿದವೇ ಅವು. ತಂಗಿ ಎಲ್ಲಿದ್ದಾರೆಂದು ಕೇಳಿದೆ. ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಚಿಕ್ಕಂದಿನಲ್ಲಿ ಎಲ್ಲೋ ಕೇಳಿರಬೇಕು ಎಂದು ಗೆಳೆಯರು ಈಗಲೂ ವಾದಿಸುತ್ತಾರೆ. ಆದರೆ ನಾನು ಹುಟ್ಟುವ ಮೊದಲೇ ಅಕ್ಕತಂಗಿಯರು ಆ ಹಾಡು ಹಾಡುವುದನ್ನೇ ಬಿಟ್ಟಿದ್ದರು. ಬ್ಯಾಂಡಿನಲ್ಲಿ ಜಗಳವಾದರೂ ಹಾಡಿನ ಮೇಲೆ ನನ್ನ ಹೆಸರು ತೆಗೆಸಿ ಅವರಿಬ್ಬರ ಹೆಸರು ಹಾಕಿಸಿದೆ.

ಮಾಯವ್ವಗೆ ಅಂದು ಹೆಸರಿನ ಚಿಂತೆಯೇ ಇರಲಿಲ್ಲ. ನನ್ನ ಕೈ ಹಿಡಿದು ಕೇಳಿದ್ದು ಬೇರೆ.

"ಅಕಿ ದನಿ ಹೆಂಗಿತ್ರಿ? ಕಡೀಕ ಭಾಳ ಕೆಮ್ಮತಿದ್ಳು."

"ಚಲೋ ಇತ್ರಿ," ಎಂದೆ.

ಮಾಯವ್ವ ತಲೆಯಾಡಿಸಿ ಚಹಾ ಇಡಲು ಎದ್ದರು. ನಾನು ಕೇಳಿದ್ದು ಯಾರ ದನಿಯೋ ಇಂದಿಗೂ ಹೇಳಲಾರೆ. ಅದರಲ್ಲಿ ಕೆಮ್ಮು ಇರಲಿಲ್ಲ, ಅಷ್ಟು ಮಾತ್ರ ಖಾತ್ರಿ.